ಚರಂಡಿ ಕೆಲಸದ ಲಿಯೊಪೋಲ್ಡ್ ಸೋಖಾನಿಗೂ ಪಾಠದಲ್ಲಿ ಒಂದು ಪುಟ ಕೊಡಿ

ಗೆ,
ಹೈಸ್ಕೂಲಿನ ಇತಿಹಾಸ ಪಾಠಗಳನ್ನು ಬರೆಯುವ, ತಿದ್ದುವ ಹಿರಿಯರಿಗೆ,
ಮತ್ತು ಅವನ್ನು ತರಗತಿಯಲ್ಲಿ ಕಲಿಸುವ ನನ್ನ ಜೊತೆಗಾರ ಮೇಷ್ಟ್ರು, ಮೇಡಂಗಳಿಗೆ

ವಿಷಯ: ಎರಡನೇ ಮಹಾಯುದ್ಧದ ಪಾಠದಲ್ಲಿ, ಯಹೂದಿಗಳನ್ನು ಕಾಪಾಡಿದ ಸಾಮಾನ್ಯ ಜನರಿಗೂ ಜಾಗ ಕೊಡುವ ಬಗ್ಗೆ

ಮಾನ್ಯರೇ,

ನಮಸ್ಕಾರ. ನಾನು ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹೋದ ವರ್ಷ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ವೇಷಭೂಷಣ ಸ್ಪರ್ಧೆಗೆ ನಾನೂ ಒಬ್ಬಳು ತೀರ್ಪುಗಾರ್ತಿ. ಒನಕೆ ಓಬವ್ವ ಬಂದಳು, ವಿವೇಕಾನಂದ ಬಂದ, ರೈತ ಬಂದ, ಸೈನಿಕ ಬಂದ. ಆಮೇಲೆ ಹನ್ನೆರಡು ವರ್ಷದ ಒಬ್ಬ ಹುಡುಗ ಬಂದ. ಮೂಗಿನ ಕೆಳಗೆ ಕಾಡಿಗೆಯಲ್ಲಿ ಬರೆದ ಮೋಟು ಮೀಸೆ. ತೋಳಿಗೆ ಕೆಂಪು ಪಟ್ಟಿ. ಬಲಗೈ ಮುಂದಕ್ಕೆ ಚಾಚಿ, "ನಾನು ಹಿಟ್ಲರ್. ನನ್ನ ಹೆಸರು ಕೇಳಿದರೆ ಜಗತ್ತೇ ನಡುಗುತ್ತಿತ್ತು" ಎಂದ. ಇಡೀ ಶಾಮಿಯಾನ ಚಪ್ಪಾಳೆ ಹೊಡೆಯಿತು. ಮೈಕ್ ಹಿಡಿದಿದ್ದವರು "ಶಿಸ್ತಿಗೆ ಇನ್ನೊಂದು ಹೆಸರು" ಎಂದು ಸೇರಿಸಿದರು. ಹುಡುಗನಿಗೆ ಎರಡನೇ ಬಹುಮಾನ ಬಂತು. ಆ ಹಾಳೆಯ ಮೇಲೆ ನನ್ನ ಸಹಿಯೂ ಇದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಅವನನ್ನು ಹತ್ತಿರ ಕರೆದು ಕೇಳಿದೆ. "ಹಿಟ್ಲರ್ ಏನು ಮಾಡಿದ ಅಂತ ಗೊತ್ತಾ ಪುಟ್ಟಾ?"

"ಗೊತ್ತು ಮಿಸ್. ಯಹೂದಿಗಳನ್ನ ಕೊಂದ. ಅರವತ್ತು ಲಕ್ಷ ಜನ."

ಲೆಕ್ಕ ಸರಿಯಾಗಿಯೇ ಇತ್ತು. "ಅಷ್ಟು ಜನರನ್ನ ಕೊಲ್ಲುವಾಗ ಯಾರೂ ಕಾಪಾಡೋಕೆ ಬರಲಿಲ್ವಾ?" ಎಂದೆ. ಅವನು ಸ್ವಲ್ಪ ಯೋಚನೆ ಮಾಡಿದ. "ಯಾರು ಬರ್ತಾರೆ ಮಿಸ್? ಎಲ್ರೂ ಹೆದರ್ಕೊಂಡು ಸುಮ್ನಿದ್ರು."

ಈ ಪತ್ರ ಬರೆಯುತ್ತಿರುವುದು ಆ ಉತ್ತರದ ಬಗ್ಗೆ. ಹುಡುಗನ ಮೇಲೆ ನನಗೆ ಬೇಜಾರಿಲ್ಲ. ನಾವು ಕಲಿಸಿದ್ದನ್ನೇ ಅವನು ಒಪ್ಪಿಸಿದ. ನಾನೂ ಸೇರಿ ನಾವೆಲ್ಲ ಮಕ್ಕಳಿಗೆ ಏನು ಬರೆಸುತ್ತಾ ಬಂದೆವು, ನೆನಪು ಮಾಡಿಕೊಳ್ಳಿ. ಹಿಟ್ಲರನ ಪಕ್ಷ ಯಾವುದು? ಅವನ ಪ್ರಚಾರ ಮಂತ್ರಿ ಯಾರು? ಅವನ ಪಡೆಯವರ ಅಂಗಿಯ ಬಣ್ಣ ಯಾವುದು? ಒಂದೊಂದು ಮಾರ್ಕಿನ ಪ್ರಶ್ನೆಗಳು. ನಮ್ಮ ಮಕ್ಕಳಿಗೆ ಗೋಬೆಲ್ಸ್ ಗೊತ್ತು. ಕೊಂದವರ ಅಂಗಿಯ ಬಣ್ಣವೂ ಗೊತ್ತು. ಕಾಪಾಡಿದ ಒಬ್ಬರ ಹೆಸರೂ ಗೊತ್ತಿಲ್ಲ. ಹಾಗಾಗಿ ಕಾಪಾಡಿದವರು ಇರಲೇ ಇಲ್ಲ ಅಂತ ಮಕ್ಕಳು ತಾವೇ ಅಂದುಕೊಳ್ಳುತ್ತಾರೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬರುತ್ತದೆ. ಅಂಥ ಕಾಲದಲ್ಲಿ ಸುಮ್ನಿರುವುದೇ ಸಹಜ, ಬೇರೆ ದಾರಿಯೇ ಇರಲಿಲ್ಲ ಎಂದು. ನನ್ನ ದೂರು ಇಷ್ಟೇ. ನಮ್ಮ ಪಾಠ ಈ ಯೋಚನೆಯನ್ನು ಮಕ್ಕಳ ತಲೆಗೆ ಹಾಕುತ್ತಿದೆ, ಮತ್ತು ಅದು ಸುಳ್ಳು.

ನನಗಾದರೂ ಇದು ಗೊತ್ತಾಗಿದ್ದು ತಡವಾಗಿ. ನಮ್ಮ ಶಾಲೆಯ ಬೀರುವಿನಲ್ಲಿ, ಹಿಟ್ಲರನ ನಾಜಿಗಳಿಂದ ಅಡಗಿ ಬದುಕಿದ ಯಹೂದಿ ಹುಡುಗಿ ಆನ್ ಫ್ರಾಂಕಳ ಡೈರಿ ಇತ್ತು. ಒಂಬತ್ತನೇ ತರಗತಿಯ ಒಬ್ಬಳು ಹುಡುಗಿ ಅದನ್ನು ಓದಿ ವಾಪಸ್ ಕೊಡುವಾಗ ಒಂದು ಮಾತು ಕೇಳಿದಳು. "ಎರಡು ವರ್ಷ ಎಂಟು ಜನ ಒಳಗೇ ಇದ್ರಲ್ಲ ಮಿಸ್, ಅವರಿಗೆ ದಿನಾ ಊಟಕ್ಕೆ ಯಾರು ತಂದ್ಕೊಡ್ತಿದ್ರು?" ಮನೆಯಲ್ಲಿ ಅಮ್ಮನ ಜೊತೆ ಅಡುಗೆ ಮಾಡುವ ಹುಡುಗಿಗೆ ಹೊಳೆಯುವ ಪ್ರಶ್ನೆ ಅದು. ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ತಂದುಕೊಡುತ್ತಿದ್ದವರಲ್ಲಿ ಒಬ್ಬಾಕೆ ಮೀಪ್ ಗೀಸ್. ಆಂಸ್ಟರ್‌ಡ್ಯಾಮಿನಲ್ಲಿ ಆನ್ ತಂದೆ ಓಟೊ ಫ್ರಾಂಕ್ ಅವರ ಆಫೀಸಿನಲ್ಲೇ ಕೆಲಸಕ್ಕಿದ್ದವರು. ಹುಟ್ಟಿದ್ದು 1909ರಲ್ಲಿ, ವಿಯೆನ್ನಾದಲ್ಲಿ. ಮೊದಲ ಮಹಾಯುದ್ಧದ ನಂತರ ಅಲ್ಲಿ ಊಟಕ್ಕೆ ಗತಿಯಿರಲಿಲ್ಲ. ಹಸಿದ ಮಕ್ಕಳನ್ನು ರೈಲು ಹತ್ತಿಸಿ ಬೇರೆ ದೇಶಗಳಿಗೆ ಕಳಿಸುತ್ತಿದ್ದರು. ಹಾಗೆ ಹನ್ನೊಂದನೇ ವಯಸ್ಸಿನಲ್ಲಿ ನೆದರ್‌ಲ್ಯಾಂಡ್ಸ್‌ಗೆ ಬಂದ ಮೀಪ್, ಅಲ್ಲಿನ ಒಂದು ಮನೆಯವರು ಹಾಕಿದ ಊಟದಲ್ಲಿ ಬೆಳೆದವರು. 1942ರ ಜುಲೈನಿಂದ 1944ರ ಆಗಸ್ಟ್ 4ರವರೆಗೆ ಅವರು ಎಂಟು ಜನಕ್ಕೆ ಊಟ ಹೊಂದಿಸಿದರು. ರೇಷನ್ ಕಾಲ. ಅಡಗಿರುವವರಿಗೆ ರೇಷನ್ ಕಾರ್ಡ್ ಎಲ್ಲಿಂದ ಬರಬೇಕು? ಗಂಡ ಯಾನ್ ಗೀಸ್ ತನಗೆ ಗೊತ್ತಿದ್ದ ಗುಪ್ತ ಗುಂಪಿನವರಿಂದ ಕಾರ್ಡ್ ತಂದುಕೊಡುತ್ತಿದ್ದರು. ತರಕಾರಿ ಅಂಗಡಿಯ ಹೆಂಡ್ರಿಕ್ ಫಾನ್ ಹೂವೆ ಜಾಸ್ತಿ ತರಕಾರಿ ತೂಗಿ ಕೊಡುತ್ತಿದ್ದರು. ಅವರೂ ತಮ್ಮ ಮನೆಯಲ್ಲಿ ಇಬ್ಬರು ಯಹೂದಿಗಳನ್ನು ಅಡಗಿಸಿಟ್ಟಿದ್ದರು. 1944ರ ಮೇ ತಿಂಗಳಲ್ಲಿ ಸಿಕ್ಕಿಬಿದ್ದು ನಾಜಿಗಳ ಸೆರೆ ಕ್ಯಾಂಪುಗಳ ಪಾಲಾದರು. ತರಕಾರಿಯವರು ಇವತ್ತು ಕಾಣಿಸಲಿಲ್ಲ ಎಂಬ ದಿನ ಮೀಪ್‌ಗೆ ಎಷ್ಟು ಭಯ ಆಗಿರಬೇಕು, ಅಲ್ವಾ?

ಕೊನೆಗೆ ಅಡಗುದಾಣವೂ ಬಯಲಾಯಿತು. ಎಂಟೂ ಜನರನ್ನು ಹಿಡಿದರು. ಜೊತೆಗೆ ಆಫೀಸಿನ ಇಬ್ಬರನ್ನೂ, ಕ್ಲೈಮನ್ ಮತ್ತು ಕುಗ್ಲರ್ ಅವರನ್ನು, ಎಳೆದುಕೊಂಡು ಹೋದರು. ಮೀಪ್ ಉಳಿದರು. ಉಳಿದವರು ಭಯಪಟ್ಟು ಮನೆಯಲ್ಲಿ ಕೂರಲಿಲ್ಲ. ಹಿಡಿದವರನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳಬಹುದೇನೋ ಅಂತ ನಾಜಿಗಳ ಕಚೇರಿಗೇ ಹೋದರು. ಅದು ಆಗಲಿಲ್ಲ. ನೆಲದ ಮೇಲೆ ಚೆಲ್ಲಾಡಿದ್ದ ಡೈರಿಯ ಹಾಳೆಗಳನ್ನು ಆಯ್ದು ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟವರೂ ಅವರೇ. ಆ ಮಗು ವಾಪಸ್ ಬಂದಾಗ ಕೊಡಬೇಕು ಅಂತ ಒಂದು ಹಾಳೆಯನ್ನೂ ಓದದೆ ಇಟ್ಟಿದ್ದರು. ವಾಪಸ್ ಬಂದದ್ದು ತಂದೆ ಒಬ್ಬರೇ. ನಮ್ಮ ಮಕ್ಕಳು ಓದುವ ಪುಸ್ತಕ ಇವತ್ತು ಇರುವುದು ಈ ಹೆಂಗಸು ಬಗ್ಗಿ ಹಾಳೆ ಆಯ್ದದ್ದಕ್ಕೆ. ನಾನು ಆನ್ ಬಗ್ಗೆ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೆ. ಮೀಪ್ ಹೆಸರು ಒಂದು ಸಲವೂ ಬಂದಿರಲಿಲ್ಲ.

ಅಲ್ಲಿಂದ ಹುಡುಕಿ ಓದಲು ಶುರು ಮಾಡಿದೆ. ಓದುತ್ತಾ ಓದುತ್ತಾ ಒಬ್ಬ ಮನುಷ್ಯ ಸಿಕ್ಕಿದ. ಅವನ ಬಗ್ಗೆ ನಿಮಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಲಿಯೊಪೋಲ್ಡ್ ಸೋಖಾ. ಲ್ವೂವ್ ಊರಿನ ಒಳಚರಂಡಿ ಕೆಲಸಗಾರ. ಈ ಊರು ಆಗ ಪೋಲೆಂಡಿಗೆ ಸೇರಿತ್ತು, ಈಗ ಉಕ್ರೇನಿನ ಲ್ವಿವ್. ಯುದ್ಧಕ್ಕೆ ಮುಂಚೆ ಅಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಯಹೂದಿಗಳಿದ್ದರು. ನಾಜಿಗಳು ಅವರನ್ನೆಲ್ಲ ಗೆಟ್ಟೊಗೆ, ಅಂದರೆ ಬೇಲಿ ಹಾಕಿದ ಒಂದು ಕೇರಿಗೆ ತಳ್ಳಿದರು. ಕಂತು ಕಂತಾಗಿ ಕೊಂದರು. 1943ರ ಜೂನ್‌ನಲ್ಲಿ ಉಳಿದವರನ್ನೂ ಮುಗಿಸಲು ಬಂದರು. ಅದರ ಸುಳಿವು ಮೊದಲೇ ಸಿಕ್ಕಿದ್ದ ಕೆಲವರು ನೆಲಮಾಳಿಗೆ ಅಗೆದು ಕೆಳಗಿನ ಚರಂಡಿಗೆ ದಾರಿ ಮಾಡಿಟ್ಟುಕೊಂಡಿದ್ದರು. ಆ ಕತ್ತಲಲ್ಲಿ ಅವರಿಗೆ ಎದುರಾದವನು ಸೋಖಾ.

ಅವನು ಒಬ್ಬ ಸಂತ ಅಂತ ಯಾರೂ ಹೇಳುವುದಿಲ್ಲ. ಹಿಂದೆ ಕಳ್ಳತನ ಮಾಡಿ ಜೈಲು ಕಂಡವನು. ಶುರುವಿನಲ್ಲಿ ದಿನಕ್ಕೆ ಇಷ್ಟು ಅಂತ ದುಡ್ಡು ಮಾತಾಡಿಕೊಂಡೇ ಅಡಗಿಸಲು ಒಪ್ಪಿದ. ಅವರನ್ನು ಹಿಡಿದುಕೊಟ್ಟಿದ್ದರೆ ನಾಜಿಗಳೇ ಬಹುಮಾನ ಕೊಡುತ್ತಿದ್ದರು. ಅಡಗಿಸಿದ್ದು ಗೊತ್ತಾದರೆ ಅವನಿಗೂ ಹೆಂಡತಿ ವಾಂಡಾಳಿಗೂ ಮಗಳಿಗೂ ಸಾವು. ಪೋಲೆಂಡಿನಲ್ಲಿ ಇದು ಬಾಯಿಮಾತಿನ ಬೆದರಿಕೆ ಆಗಿರಲಿಲ್ಲ. 1941ರ ಅಕ್ಟೋಬರಿನಲ್ಲೇ ನಾಜಿ ಆಡಳಿತ ಕಾನೂನು ಮಾಡಿ ಸಾರಿತ್ತು. ಯಹೂದಿಗೆ ಆಸರೆ ಕೊಟ್ಟವರಿಗೆ ಮರಣದಂಡನೆ.

ಅಡಗಿದ್ದ ಗುಂಪಿನಲ್ಲಿ ಕ್ರಿಸ್ಟಿನಾ ಕೀಗರ್ ಎಂಬ ಏಳು ವರ್ಷದ ಹುಡುಗಿ ಇದ್ದಳು. ಅವಳ ತಮ್ಮ ಪಾವೆವ್ ಇನ್ನೂ ಚಿಕ್ಕವನು. ಚರಂಡಿಯಲ್ಲಿ ಇಲಿಗಳ ಜೊತೆ, ನೆಟ್ಟಗೆ ನಿಲ್ಲಲೂ ಆಗದ ಜಾಗದಲ್ಲಿ, ಹದಿನಾಲ್ಕು ತಿಂಗಳು. ಮಳೆ ಜೋರಾದರೆ ನೀರು ಕತ್ತಿನವರೆಗೆ ಏರುತ್ತಿತ್ತು. ಸೋಖಾ ಮತ್ತು ಅವನ ಜೊತೆಗಾರ ಸ್ಟೆಫಾನ್ ವ್ರುಬ್ಲೆವ್‌ಸ್ಕಿ ಕೆಲಸದ ಚೀಲದಲ್ಲಿ ಬ್ರೆಡ್ ತುಂಬಿಕೊಂಡು, ಇಕ್ಕಟ್ಟಾದ ಕೊಳವೆಗಳಲ್ಲಿ ತೆವಳಿ ಬರುತ್ತಿದ್ದರು. ಮೇಲಿನ ಸುದ್ದಿ ಹೇಳುತ್ತಿದ್ದರು. ಮಕ್ಕಳನ್ನು ಮಾತಾಡಿಸುತ್ತಿದ್ದರು. ಬರಬರುತ್ತಾ ಆ ಕುಟುಂಬದ ದುಡ್ಡು ಖಾಲಿಯಾಯಿತು. ಸೋಖಾ ಬರುವುದನ್ನು ನಿಲ್ಲಿಸಲಿಲ್ಲ. ತನ್ನ ಕೈಯಿಂದಲೇ ಹಾಕಿ ಬ್ರೆಡ್ ತಂದ.

ನನಗೆ ಈ ಜಾಗದಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರಬೇಕಾಯಿತು. ದುಡ್ಡಿಗೆ ಶುರುವಾದ ಕೆಲಸ ದುಡ್ಡು ಮುಗಿದ ದಿನ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ದಿನ ಆ ಮನುಷ್ಯನ ಒಳಗೆ ಏನಾಯಿತು ಅಂತ ನಾವು ಮಕ್ಕಳ ಜೊತೆ ಕೂತು ಮಾತಾಡಬೇಡವಾ?

1944ರ ಜುಲೈ ಕೊನೆಗೆ ಜರ್ಮನ್ನರು ಆ ಊರು ಬಿಟ್ಟು ಓಡಿದರು. ಸೋಖಾ ಮ್ಯಾನ್‌ಹೋಲಿನ ಮುಚ್ಚಳ ತೆಗೆದು ಅವರನ್ನು ಒಬ್ಬೊಬ್ಬರಾಗಿ ಮೇಲಕ್ಕೆ ಎತ್ತಿದ. ಹತ್ತು ಜನ ಬದುಕಿದ್ದರು. ಬೆಳಕಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಪಾವೆವ್‌ಗೆ ಬೆಳಕು ಕಂಡು ಭಯವಾಗಿ, ವಾಪಸ್ ಕೆಳಗೆ ಹೋಗೋಣ ಅಂತ ಅತ್ತನಂತೆ. ಎರಡು ವರ್ಷವೂ ಕಳೆಯಲಿಲ್ಲ. 1946ರ ಮೇ ತಿಂಗಳಲ್ಲಿ ಸೋಖಾ ಮಗಳ ಜೊತೆ ಸೈಕಲ್ ಮೇಲೆ ಹೋಗುತ್ತಿದ್ದಾಗ ಸೇನೆಯ ಲಾರಿಯೊಂದು ನುಗ್ಗಿ ಬಂತು. ಮಗಳನ್ನು ಕಾಪಾಡಲು ಹೋಗಿ ತಾನೇ ಲಾರಿಗೆ ಸಿಕ್ಕಿ ಸತ್ತ. ಯಹೂದಿಗಳಿಗೆ ಸಹಾಯ ಮಾಡಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಊರಿನ ಕೆಲವರು ಆಡಿಕೊಂಡರಂತೆ. ಕ್ರಿಸ್ಟಿನಾಳ ಅಜ್ಜಿ ಹೆಣೆದುಕೊಟ್ಟಿದ್ದ ಹಸಿರು ಸ್ವೆಟರ್, ಚರಂಡಿಯಲ್ಲಿ ಅವಳ ಮೈಮೇಲಿದ್ದದ್ದು, ಈಗ ವಾಷಿಂಗ್ಟನ್ನಿನ ಹೊಲೊಕಾಸ್ಟ್ (ಯಹೂದಿಗಳ ನರಮೇಧ) ಮ್ಯೂಸಿಯಮ್ಮಿನಲ್ಲಿದೆ.

ನಿವೃತ್ತಿಯ ಹಿಂದಿನ ತಿಂಗಳು ನಾನು ಈ ಕಥೆಯನ್ನು ಹತ್ತನೇ ತರಗತಿಗೆ ಹೇಳಿದೆ. ಪಾಠದಲ್ಲಿ ಇರಲಿಲ್ಲ, ಪರೀಕ್ಷೆಗೂ ಬರುವುದಿಲ್ಲ ಅಂತ ಮೊದಲೇ ಹೇಳಿದ್ದೆ. ನನ್ನ ಕೆಲಸದ ಅವಧಿಯಲ್ಲೇ ಅಷ್ಟು ಸದ್ದಿಲ್ಲದ ತರಗತಿ ನಾನು ಕಂಡಿರಲಿಲ್ಲ. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ. ಅವನ ಅಪ್ಪ ಪಟ್ಟಣದಲ್ಲಿ ಒಳಚರಂಡಿ ಕೆಲಸಕ್ಕೆ ಹೋಗುತ್ತಿದ್ದರು. ಆ ವಿಷಯ ಅವನು ತರಗತಿಯಲ್ಲಿ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ. ಅವನು ಎದ್ದು ನಿಂತ. "ಅವರ ಹೆಸರು ಬೋರ್ಡ್ ಮೇಲೆ ಬರೀರಿ ಮಿಸ್" ಎಂದ. ಬರೆದೆ. ಮಕ್ಕಳೆಲ್ಲ ತಾವಾಗಿಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮಾನ್ಯರೇ, ಒಬ್ಬಿಬ್ಬರ ಕಥೆಯಿಂದ ಪಾಠ ಆಗುವುದಿಲ್ಲ ಅಂತ ನೀವು ಹೇಳಬಹುದು. ಹಾಗಾದರೆ ಒಂದು ಇಡೀ ಊರಿನ ಕಥೆ ಕೇಳಿ. ಫ್ರಾನ್ಸಿನ ದಕ್ಷಿಣದ ಬೆಟ್ಟಸೀಮೆಯಲ್ಲಿ ಲ ಶಾಂಬೊನ್ ಎಂಬ ಹಳ್ಳಿ ಇದೆ. ಅಲ್ಲಿನ ಜನ ಪ್ರೊಟೆಸ್ಟಂಟರು. ಅವರ ಹಿರಿಯರೇ ಒಂದು ಕಾಲಕ್ಕೆ ಧರ್ಮದ ಕಾರಣಕ್ಕೆ ಕಿರುಕುಳ ತಿಂದವರು. ಫ್ರಾನ್ಸ್ ಜರ್ಮನಿಗೆ ಸೋತು 1940ರ ಜೂನ್ 22ರಂದು ಒಪ್ಪಂದಕ್ಕೆ ಸಹಿ ಬಿತ್ತು. ಮರುದಿನ ಭಾನುವಾರ. ಚರ್ಚಿನ ಪಾದ್ರಿ ಆಂದ್ರೆ ತ್ರೊಕ್ಮೆ ಅವತ್ತೇ ಜನಕ್ಕೆ ಹೇಳಿದರು, ಹಿಂಸೆಯನ್ನು ಆತ್ಮದ ಆಯುಧಗಳಿಂದ ಎದುರಿಸಬೇಕು ಎಂದು. ಮುಂದಿನ ನಾಲ್ಕು ವರ್ಷ ಆ ಹಳ್ಳಿ ಮತ್ತು ಸುತ್ತಲಿನ ಹಳ್ಳಿಗಳು ಸಾವಿರಾರು ಯಹೂದಿಗಳಿಗೆ ಆಸರೆ ಕೊಟ್ಟವು. ಹಲವರು ಮಕ್ಕಳು. ರೈತರ ಮನೆ, ದನದ ಕೊಟ್ಟಿಗೆ, ಹಾಸ್ಟೆಲ್, ಶಾಲೆ, ಎಲ್ಲೆಂದರಲ್ಲಿ.

ಇದರಲ್ಲಿ ನಮ್ಮ ಮಕ್ಕಳಿಗೆ ಹೇಳಲೇಬೇಕಾದ ಭಾಗ ಒಂದಿದೆ. 1942ರ ಜುಲೈ 16 ಮತ್ತು 17ರಂದು ಪ್ಯಾರಿಸ್‌ನಲ್ಲಿ ಹದಿಮೂರು ಸಾವಿರದಷ್ಟು ಯಹೂದಿಗಳನ್ನು ಹಿಡಿದರು. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು. ಹಿಡಿದದ್ದು ಫ್ರೆಂಚ್ ಪೊಲೀಸರೇ. ಮುಂದಿನ ತಿಂಗಳು ಸರ್ಕಾರದ ಯುವಜನ ಖಾತೆಯ ಮುಖ್ಯಸ್ಥ ಲ ಶಾಂಬೊನ್‌ಗೆ ಭೇಟಿ ಕೊಟ್ಟ. ಊರಿನ ಹೈಸ್ಕೂಲಿನ ದೊಡ್ಡ ಮಕ್ಕಳು ಅವನ ಕೈಗೆ ಒಂದು ಪತ್ರ ಕೊಟ್ಟರು. ಪ್ಯಾರಿಸ್‌ನಲ್ಲಿ ನಡೆದದ್ದು ನಮಗೆ ಗೊತ್ತಾಗಿದೆ, ನಮ್ಮ ನಡುವೆ ಯಹೂದಿ ಗೆಳೆಯರಿದ್ದಾರೆ, ನಾವು ಅವರು ಬೇರೆ ನಾವು ಬೇರೆ ಅಂತ ನೋಡುವುದಿಲ್ಲ, ಅವರನ್ನು ಕರೆದೊಯ್ಯಲು ಆಜ್ಞೆ ಬಂದರೆ ನಮ್ಮ ಕೈಲಾದಷ್ಟು ಅಡಗಿಸುತ್ತೇವೆ ಎಂಬುದು ಅದರ ತಿರುಳು. ಎಸ್ಸೆಸ್ಸೆಲ್ಸಿ, ಪಿಯುಸಿ ವಯಸ್ಸಿನ ಮಕ್ಕಳು! ಮುಂದೆ ಕೆಲವೇ ದಿನಗಳಲ್ಲಿ ಪೊಲೀಸರು ಬಸ್ಸು ತಂದರು. ದಿನಗಟ್ಟಲೆ ಹುಡುಕಿದರು. ಜನ ಅಷ್ಟರಲ್ಲಿ ಕಾಡಿಗೂ ದೂರದ ಹೊಲಮನೆಗಳಿಗೂ ಎಲ್ಲರನ್ನೂ ಸಾಗಿಸಿದ್ದರು. ಬಸ್ಸುಗಳು ಹೆಚ್ಚುಕಡಿಮೆ ಖಾಲಿಯೇ ವಾಪಸ್ ಹೋದವು.

ಎಲ್ಲವೂ ಹೀಗೇ ಗೆದ್ದಿತು ಅಂತಲ್ಲ. 1943ರ ಜೂನ್ 29ರಂದು ವಿದ್ಯಾರ್ಥಿಗಳ ಒಂದು ಹಾಸ್ಟೆಲ್ ಮೇಲೆ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ದಾಳಿ ಮಾಡಿ ಹದಿನೆಂಟು ಹುಡುಗರನ್ನು ಹಿಡಿಯಿತು. ಅದನ್ನು ನೋಡಿಕೊಳ್ಳುತ್ತಿದ್ದವರು ದಾನಿಯಲ್ ತ್ರೊಕ್ಮೆ. ಪಾದ್ರಿಯ ಸಂಬಂಧಿ, ವೃತ್ತಿಯಲ್ಲಿ ಮೇಷ್ಟ್ರು. ದಾಳಿಯ ಹೊತ್ತಿಗೆ ಅವರು ಆ ಕಟ್ಟಡದಲ್ಲಿ ಇರಲಿಲ್ಲ. ತಪ್ಪಿಸಿಕೊಳ್ಳಬಹುದಿತ್ತು. ನನ್ನ ಹುಡುಗರು ಅಲ್ಲಿದ್ದಾರೆ ಅಂತ ತಾವೇ ನಡೆದುಕೊಂಡು ಬಂದರು. ಅವರನ್ನೂ ಹಿಡಿದರು. 1944ರ ಏಪ್ರಿಲ್‌ನಲ್ಲಿ ಪೋಲೆಂಡಿನ ಮೈದಾನೆಕ್ ಕ್ಯಾಂಪಿನಲ್ಲಿ ಸತ್ತರು. ಮೂವತ್ತರ ಆಚೆ ಈಚೆ ವಯಸ್ಸು. ಜೊತೆಗಾರ ಮೇಷ್ಟ್ರುಗಳೇ, ಶಿಕ್ಷಕರ ದಿನದ ಭಾಷಣಗಳಲ್ಲಿ ನಾವು ಎಷ್ಟೋ ಹೆಸರು ಹೇಳುತ್ತೇವೆ. ಈ ಹೆಸರನ್ನು ನೀವು ಯಾವತ್ತಾದರೂ ಕೇಳಿದ್ದೀರಾ?

ಇನ್ನು ಡೆನ್ಮಾರ್ಕ್. 1943ರ ಅಕ್ಟೋಬರಿನಲ್ಲಿ, ಮೂರೇ ವಾರದಲ್ಲಿ, ಸುಮಾರು 7,200 ಯಹೂದಿಗಳನ್ನು ಮೀನುಗಾರರ ದೋಣಿಗಳಲ್ಲಿ ಕಡಲು ದಾಟಿಸಿ ಸ್ವೀಡನ್‌ಗೆ ಮುಟ್ಟಿಸಿದರು. ನಾಜಿಗಳು ಯಹೂದಿಗಳನ್ನು ಹಿಡಿಯಲು ಬರುತ್ತಾರೆ ಅಂತ ಮುಂಚೆಯೇ ಸುಳಿವು ಕೊಟ್ಟವನು ಜರ್ಮನ್ ರಾಯಭಾರ ಕಚೇರಿಯ ಅಧಿಕಾರಿ, ಗೆಯೋರ್ಗ್ ಡುಕ್‌ವಿಟ್ಸ್. ಡಾಕ್ಟರು, ನರ್ಸುಗಳು ಕೋಪನ್‌ಹೇಗನ್ನಿನ ಒಂದು ಆಸ್ಪತ್ರೆಯಲ್ಲಿ ನೂರಾರು ಜನರನ್ನು ರೋಗಿಗಳ ಹೆಸರಿನಲ್ಲಿ ಬಚ್ಚಿಟ್ಟರು. ದೋಣಿಯವರು ದುಡ್ಡು ತೆಗೆದುಕೊಂಡರು, ಕೆಲವರು ತುಂಬಾನೇ ತೆಗೆದುಕೊಂಡರು. ಕೈಯಲ್ಲಿ ಕಾಸಿಲ್ಲದವರಿಗೆ ಬೇರೆಯವರು ಚಂದಾ ಎತ್ತಿ ಕೊಟ್ಟರು. ಗಿಲ್ಲೆಲೈಯೆ ಎಂಬ ಮೀನುಗಾರರ ಊರಿನ ಚರ್ಚಿನ ಅಟ್ಟದಲ್ಲಿ ಅಡಗಿದ್ದ ಸುಮಾರು ಎಂಬತ್ತು ಜನರನ್ನು ಮಾತ್ರ ಯಾರೋ ತೋರಿಸಿಕೊಟ್ಟರು. ಅವರು ಸಿಕ್ಕಿಬಿದ್ದರು.

ಕಹಿಯಾದದ್ದನ್ನೂ ನಾನು ಬೇಕಂತಲೇ ಹೇಳುತ್ತಿದ್ದೇನೆ. ಪಾಠದಲ್ಲಿ ಕಾಪಾಡಿದವರನ್ನು ಸೇರಿಸುವಾಗ ಅದನ್ನು ಸಿಹಿ ಕಥೆ ಮಾಡಬೇಡಿ, ದಯವಿಟ್ಟು. ಯುರೋಪಿನ ಬಹಳ ಜನ ಸುಮ್ನೆ ಇದ್ದದ್ದು ನಿಜ. ಪಕ್ಕದ ಮನೆಯವರನ್ನು ಹಿಡಿದುಕೊಟ್ಟವರೂ ಇದ್ದರು. ಜೆರುಸಲೇಮಿನ ಯಾದ್ ವಶೆಮ್ ಸಂಸ್ಥೆ 1963ರಿಂದ ಒಂದೊಂದೇ ಪ್ರಕರಣ ಪರಿಶೀಲಿಸಿ, ಜೀವ ಪಣಕ್ಕಿಟ್ಟು ಯಹೂದಿಗಳನ್ನು ಕಾಪಾಡಿದ ಬೇರೆ ಧರ್ಮದವರನ್ನು ಗೌರವಿಸುತ್ತಾ ಬಂದಿದೆ. ಇಲ್ಲಿಯವರೆಗೆ 28,000ಕ್ಕೂ ಹೆಚ್ಚು ಹೆಸರುಗಳು. ಹೊರಗೆ ಬಾರದ ಹೆಸರುಗಳು ಇನ್ನೂ ಎಷ್ಟೋ ಇವೆ. ಆದರೂ ಅಷ್ಟು ದೊಡ್ಡ ಖಂಡಕ್ಕೆ ಅದು ತೀರಾ ಸಣ್ಣ ಸಂಖ್ಯೆ. ಮಕ್ಕಳಿಗೆ ಇದನ್ನೂ ಹೇಳಬೇಕು. ಕಾಪಾಡಿದವರು ಕಡಿಮೆ ಇದ್ದರು. ಇದ್ದರು ಎಂಬುದೂ ಅಷ್ಟೇ ನಿಜ.

ಮತ್ತು ಅವರು ತೆತ್ತ ಬೆಲೆ. ಪೋಲೆಂಡಿನ ಮಾರ್ಕೊವಾ ಹಳ್ಳಿಯ ರೈತ ಯೂಝೆಫ್ ಉಲ್ಮಾ. ತೋಟಗಾರಿಕೆ, ಫೋಟೊ ತೆಗೆಯುವುದು ಅಂದರೆ ಅವನಿಗೆ ಪ್ರಾಣ. ಅವನೂ ಹೆಂಡತಿ ವಿಕ್ಟೋರಿಯಾಳೂ ಎಂಟು ಯಹೂದಿಗಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. 1944ರ ಮಾರ್ಚ್ 24ರ ಬೆಳಗಿನ ಜಾವ ಜರ್ಮನ್ ಪೊಲೀಸರು ಬಂದು ಎಂಟೂ ಜನರನ್ನು ಕೊಂದರು. ಆಮೇಲೆ ಯೂಝೆಫ್‌ನನ್ನು, ತುಂಬು ಬಸುರಿ ವಿಕ್ಟೋರಿಯಾಳನ್ನು, ಕೊನೆಗೆ ಅವರ ಆರು ಮಕ್ಕಳನ್ನೂ. ದೊಡ್ಡ ಮಗುವಿಗೆ ಇನ್ನೂ ಎಂಟು ವರ್ಷ ತುಂಬಿರಲಿಲ್ಲ. ಇದಾದ ಮೇಲೂ ಆ ಹಳ್ಳಿಯ ಬೇರೆ ಕೆಲವು ಮನೆಗಳಲ್ಲಿ ಅಡಗಿದ್ದ ಯಹೂದಿಗಳು ಉಳಿದುಕೊಂಡರು. ಅಂದರೆ ಆ ಮನೆಯವರು ಇದನ್ನು ಕಣ್ಣಾರೆ ಕಂಡ ಮೇಲೂ ಅವರನ್ನು ಹೊರಗೆ ಹಾಕಲಿಲ್ಲ.

ಯುದ್ಧ ಮುಗಿದರೂ ಭಯ ಮುಗಿಯಲಿಲ್ಲ. ಅಂತೋನಿನಾ ವಿಝಿಕೊವ್‌ಸ್ಕಾ ಎಂಬ ರೈತ ಹೆಂಗಸು ಪೋಲೆಂಡಿನ ಯೆದ್ವಾಬ್ನೆ ಊರಿನ ಹತ್ತಿರ ಏಳು ಜನರನ್ನು ತನ್ನ ಮನೆಯ ಹತ್ತಿರ ನೆಲದಡಿ ಅಡಗಿಸಿ ಉಳಿಸಿದಳು. ನಾಜಿಗಳು ಅಲ್ಲಿಂದ ತೊಲಗಿದ ಮೇಲೆ ಅವಳನ್ನು ಹೊಡೆದವರು ಅವಳದೇ ಸೀಮೆಯ ಜನ. ಅವಳು ಊರು ಬಿಡಬೇಕಾಯಿತು. ಮಾಡಿದ ಒಳ್ಳೆಯ ಕೆಲಸವನ್ನು ಅಕ್ಕಪಕ್ಕದವರಿಗೆ ತಿಳಿಯದಂತೆ ಮುಚ್ಚಿಟ್ಟು ಬದುಕಿದವರು ಎಷ್ಟೋ ಮಂದಿ. ಈ ಹೆಸರುಗಳು ಹೊರಗೆ ಬರಲು ಅಷ್ಟು ವರ್ಷ ಹಿಡಿದದ್ದು ಸುಮ್ನೆ ಅಲ್ಲ.

ಹೆಸರು ಹೊರಗೆ ತರುವ ಕೆಲಸವನ್ನು ಹೈಸ್ಕೂಲು ಮಕ್ಕಳೇ ಮಾಡಿದ್ದಾರೆ ಅಂದರೆ ನಂಬುತ್ತೀರಾ? ಇರೆನಾ ಸೆಂಡ್ಲರ್ ವಾರ್ಸಾ ಊರಿನ ಸಮಾಜ ಕಲ್ಯಾಣ ಕೆಲಸದಲ್ಲಿದ್ದವರು. ರೋಗ ತಡೆಯುವ ಕೆಲಸದ ಪಾಸ್ ಹಿಡಿದು ಗೆಟ್ಟೊ ಒಳಗೆ ಹೋಗುತ್ತಿದ್ದರು. ಅವರೂ ಜೊತೆಯ ಹೆಂಗಸರೂ ಸೇರಿ ಆಂಬುಲೆನ್ಸಿನಲ್ಲಿ, ಚೀಲದಲ್ಲಿ, ಪೆಟ್ಟಿಗೆಯಲ್ಲಿ ಮಕ್ಕಳನ್ನು ಹೊರಗೆ ತಂದು ಬೇರೆ ಮನೆಗಳಿಗೆ, ಕ್ರೈಸ್ತ ಮಠಗಳಿಗೆ ಸೇರಿಸುತ್ತಿದ್ದರು. ಹೀಗೆ ಉಳಿದ ಮಕ್ಕಳು ಸುಮಾರು 2,500 ಎಂದು ಹೇಳುತ್ತಾರೆ. ಮಗುವಿನ ನಿಜವಾದ ಹೆಸರು, ಹೊಸ ಹೆಸರು ಎರಡನ್ನೂ ಚೀಟಿಯಲ್ಲಿ ಬರೆದು, ಗಾಜಿನ ಬಾಟಲಿಯಲ್ಲಿ ಹಾಕಿ, ಸೇಬಿನ ಮರದ ಕೆಳಗೆ ಹೂತರು. ಮುಂದೆ ಅಪ್ಪ ಅಮ್ಮ ಬಂದರೆ ಮಗು ಸಿಗಲಿ ಅಂತ. ಬಹಳಷ್ಟು ಅಪ್ಪ ಅಮ್ಮಂದಿರು ನಾಜಿಗಳ ಟ್ರೆಬ್ಲಿಂಕಾ ಕ್ಯಾಂಪಿನಲ್ಲಿ ಸತ್ತಿದ್ದರು. 1943ರ ಅಕ್ಟೋಬರಿನಲ್ಲಿ ಗೆಸ್ಟಾಪೊ ಇರೆನಾರನ್ನು ಹಿಡಿದು ಚಿತ್ರಹಿಂಸೆ ಕೊಟ್ಟಿತು. ಅವರು ಒಂದು ಹೆಸರೂ ಹೇಳಲಿಲ್ಲ. ಗೆಳೆಯರು ಲಂಚ ಕೊಟ್ಟು ಬಿಡಿಸಿಕೊಂಡರು.

1965ರಲ್ಲೇ ಯಾದ್ ವಶೆಮ್ ಅವರನ್ನು ಗೌರವಿಸಿತ್ತು. ಆದರೂ ಜಗತ್ತಿಗೆ ಅವರು ಗೊತ್ತಿರಲಿಲ್ಲ. 1999ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಯೂನಿಯನ್‌ಟೌನ್ ಎಂಬ ಸಣ್ಣ ಹಳ್ಳಿಯ ಹೈಸ್ಕೂಲಿನಲ್ಲಿ ಒಬ್ಬರು ಮೇಷ್ಟ್ರು ಹಳೆಯ ಪತ್ರಿಕೆಯ ಒಂದು ತುಣುಕನ್ನು ವಿದ್ಯಾರ್ಥಿನಿಯರ ಕೈಗೆ ಕೊಟ್ಟರು. 2,500 ಎಂಬ ಸಂಖ್ಯೆ ಅಚ್ಚಿನ ತಪ್ಪಿರಬಹುದು, ಹುಡುಕಿ ನೋಡಿ ಎಂದರು. ಹುಡುಗಿಯರು ಹುಡುಕಿದರು. ಒಂದು ಪುಟ್ಟ ನಾಟಕ ಬರೆದು ಆಡಿದರು. ತೀರಿಹೋಗಿರಬಹುದು ಅಂತ ಸಮಾಧಿ ಹುಡುಕುತ್ತಿದ್ದವರಿಗೆ ಇರೆನಾ ವಾರ್ಸಾದಲ್ಲಿ ಬದುಕಿದ್ದಾರೆ ಅಂತ ಗೊತ್ತಾಯಿತು. 2001ರಲ್ಲಿ ಹೋಗಿ ಭೇಟಿಯಾದರು. ಒಂದು ಹಳ್ಳಿ ಶಾಲೆ, ಒಬ್ಬ ಮೇಷ್ಟ್ರು, ಒಂದು ಪೇಪರ್ ತುಣುಕು. ನಮ್ಮ ಹಳ್ಳಿ ಶಾಲೆಗಳಿಗೆ ಇಷ್ಟು ಆಗುವುದಿಲ್ಲವಾ?

ಮಾನ್ಯರೇ, ಈಗ ನನ್ನ ಕೋರಿಕೆಗಳಿಗೆ ಬರುತ್ತೇನೆ. ಎರಡನೇ ಮಹಾಯುದ್ಧದ ಪಾಠದಲ್ಲಿ ಎರಡು ಪುಟ ಕೊಡಿ. ಪಾಠ ಈಗಾಗಲೇ ಭಾರ ಅಂತ ನನಗೂ ಗೊತ್ತು. ಒಪ್ಪಂದಗಳ, ಕದನಗಳ ಪಟ್ಟಿಯಿಂದ ಎರಡು ಪುಟ ತೆಗೆದರೆ ಮಕ್ಕಳಿಗೆ ನಷ್ಟವಿಲ್ಲ. ಆ ಎರಡು ಪುಟದಲ್ಲಿ ಹೆಸರಿನ ಜೊತೆ ಅವರ ಕಸುಬನ್ನೂ ಬರೆಯಿರಿ. ಚರಂಡಿ ಕೆಲಸಗಾರ, ಆಫೀಸಿನ ನೌಕರಳು, ತರಕಾರಿ ಅಂಗಡಿಯವನು, ರೈತ, ಮೀನುಗಾರ, ಮೇಷ್ಟ್ರು. ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ತಂದೆ ತಾಯಿಯ ಉದ್ಯೋಗ ಅಂತ ಇರುವ ಜಾಗದಲ್ಲಿ ಇದೇ ಕಸುಬುಗಳು ತಾನೇ ಇರುವುದು? ಮಕ್ಕಳು ತಮ್ಮ ಮನೆಯವರನ್ನು ಅಲ್ಲಿ ನೋಡಲಿ.

ಯುರೋಪಿನ ಕಥೆ ನಮ್ಮ ಮಕ್ಕಳಿಗೆ ಯಾಕೆ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇದು. ಹಿಟ್ಲರ್ ಸಮುದ್ರ ದಾಟಿ ನಮ್ಮ ವಾರ್ಷಿಕೋತ್ಸವದ ವೇದಿಕೆಯವರೆಗೆ ಬಂದಾಗಿದೆ. ಸೋಖಾನನ್ನು ಗಡಿಯಲ್ಲಿ ತಡೆಯುವುದು ಸರಿಯಲ್ಲ.

ಇದನ್ನು ಒಂದು ಮಾರ್ಕಿನ ಪ್ರಶ್ನೆ ಮಾತ್ರ ಮಾಡಬೇಡಿ. "ಎಷ್ಟು ಜನರನ್ನು ಕಾಪಾಡಿದರು?" ಅಂತ ಕೇಳಿದರೆ ಮಕ್ಕಳು ಸಂಖ್ಯೆ ಬಾಯಿಪಾಠ ಮಾಡಿ ಮರೆಯುತ್ತಾರೆ. ಆ ಹುಡುಗಿ ಕೇಳಿದಂಥ ಪ್ರಶ್ನೆಗಳನ್ನು ಪಾಠದ ಕೊನೆಯಲ್ಲಿ ಚರ್ಚೆಗೆ ಇಡಿ. ಊಟ ಯಾರು ತಂದರು? ದುಡ್ಡು ಮುಗಿದಾಗ ಸೋಖಾ ಯಾಕೆ ನಿಲ್ಲಿಸಲಿಲ್ಲ? ಪಕ್ಕದ ಮನೆಯವರು ಯಾಕೆ ಹಿಡಿದುಕೊಟ್ಟರು?

ಶಾಲೆ ನಡೆಸುವವರಿಗೆ ಒಂದು ಮಾತು. ಮಕ್ಕಳಿಗೆ ಹಿಟ್ಲರನ ವೇಷ ಹಾಕಿಸುವುದನ್ನು, ಅವನನ್ನು ಶಿಸ್ತಿಗೂ ನಾಯಕತ್ವಕ್ಕೂ ಉದಾಹರಣೆ ಕೊಡುವುದನ್ನು ನಿಲ್ಲಿಸಿ. ಕ್ಯಾಂಪುಗಳಲ್ಲಿ, ಗುಂಡಿಗಳಲ್ಲಿ ಸತ್ತವರಲ್ಲಿ ಸುಮಾರು ಹದಿನೈದು ಲಕ್ಷ ಮಕ್ಕಳಿದ್ದರು. ಆ ಮಕ್ಕಳನ್ನು ಕೊಲ್ಲಿಸಿದವನ ಮೀಸೆ ಇನ್ನೊಂದು ಮಗುವಿನ ಮುಖದ ಮೇಲೆ ಬರಬಾರದು. ಇದಕ್ಕೆ ಸುತ್ತೋಲೆ ಬೇಕಾದರೆ ಹೊರಡಿಸಿ. ನಾಳೆಯಿಂದಲೇ ನಿಲ್ಲಿಸಲು ಯಾವ ಸುತ್ತೋಲೆಯೂ ಬೇಕಿಲ್ಲ.

ಕೊನೆಯದು. 1945ರ ಜನವರಿ 27ರಂದು ಆಶ್‌ವಿಟ್ಜ್ ಕ್ಯಾಂಪಿನಲ್ಲಿ ಉಳಿದಿದ್ದವರಿಗೆ ಬಿಡುಗಡೆ ಸಿಕ್ಕಿತು. ವಿಶ್ವಸಂಸ್ಥೆ ಆ ದಿನವನ್ನು ಸತ್ತವರ ನೆನಪಿಗೆ ಮೀಸಲಿಟ್ಟಿದೆ. ನಮ್ಮಲ್ಲಿ ಅದು ಗಣರಾಜ್ಯೋತ್ಸವದ ಮರುದಿನ. ಧ್ವಜಸ್ತಂಭದ ಸುತ್ತ ಹಾಕಿದ ರಂಗೋಲಿ ಇನ್ನೂ ಅಳಿಸಿರುವುದಿಲ್ಲ. ಅವತ್ತು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಹತ್ತು ನಿಮಿಷ ತೆಗೆದು, ಪ್ರತಿ ವರ್ಷ ಒಬ್ಬರ ಕಥೆ ಹೇಳಿ. ಒಬ್ಬರದೇ ಸಾಕು.

ನಾನು ಇಷ್ಟು ವರ್ಷ ಓದಿ ಬರೆದುಕೊಂಡ ಎರಡು ದಪ್ಪ ನೋಟ್‌ಬುಕ್‌ಗಳಿವೆ. ಕನ್ನಡದಲ್ಲೇ ಇವೆ, ಮಕ್ಕಳಿಗೆ ಅರ್ಥವಾಗುವ ಹಾಗೆ. ಪಾಠ ಬರೆಯುವವರಿಗೆ, ಕಲಿಸುವವರಿಗೆ ಯಾರಿಗೆ ಬೇಕಾದರೂ ಕೊಡುತ್ತೇನೆ. ನನ್ನ ಹೆಸರು ಎಲ್ಲೂ ಬರುವುದು ಬೇಡ. ಮೊದಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಲಿಯೊಪೋಲ್ಡ್ ಸೋಖಾ ಎಂದಿದೆ. ಅಲ್ಲಿಂದ ಶುರು ಮಾಡಿ.

ಇತಿ,
ವಿಶ್ವಾಸದಿಂದ,
ಒಬ್ಬಳು ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ